‘ಇದು’ ಎಂದರೆ ಯಾವುದು, ಸರ್?

ದೃಷ್ಟಿದೋಷವಿರುವ ಮಕ್ಕಳ ಓದಿನ ಬಗ್ಗೆ ಬಂದಿದ್ದ ಒಂದು ಪ್ರಶ್ನೆಗೆ ಕಳೆದ ಸಂಚಿಕೆಯಲ್ಲಿ ಚುಟುಕಾಗಿ ಉತ್ತರಿಸಿದ್ದೆ. ಅದರ ಬೆನ್ನಿಗೇ ಬಂದ ಪತ್ರಗಳು ಈ ತಿಂಗಳ ಅಂಕಣವನ್ನು ಇಡಿಯಾಗಿ ಆಕ್ರಮಿಸಿಕೊಂಡಿವೆ. ಪರೀಕ್ಷೆಯ ಭಯದವರು, ಮೊಬೈಲ್ ಬಿಡದ ಮಕ್ಕಳ ತಂದೆತಾಯಿಗಳು, ಬೀಜಗಣಿತ ಕಂಡರಾಗದವರು ದಯವಿಟ್ಟು ಮುಂದಿನ ತಿಂಗಳವರೆಗೆ ಕಾಯಬೇಕು.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಶಿಕ್ಷಕಿ. ಈ ವರ್ಷ ನನ್ನ ತರಗತಿಗೆ ಹುಟ್ಟಿನಿಂದಲೇ ಕಣ್ಣು ಕಾಣದ ಹುಡುಗಿಯೊಬ್ಬಳು ಸೇರಿದ್ದಾಳೆ. ‘ನಿಮಗೆ ಪುಣ್ಯ ಬರುತ್ತದೆ ಬಿಡಿ’ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನನಗಂತೂ ಪುಣ್ಯಕ್ಕಿಂತ ಮೊದಲು ಸುಸ್ತು ಬರುತ್ತಿದೆ. ಪಾಠದ ಸಿದ್ಧತೆಗೆ ಹಿಂದಿಗಿಂತ ಎರಡರಷ್ಟು ಹೊತ್ತು ಹಿಡಿಯುತ್ತದೆ. ನೀವು ಬಹಳ ವರ್ಷ ಇಂಥ ಮಕ್ಕಳಿಗೆ ಕಲಿಸಿದವರು. ನಿಜ ಹೇಳಿ ಸರ್, ಇದರಲ್ಲಿ ಕಲಿಸುವವರಿಗೆ ಸಿಗುವುದಾದರೂ ಏನು?

ಉತ್ತರ: ಸುಸ್ತಾಗುತ್ತದೆ ಎಂದು ಮುಚ್ಚುಮರೆಯಿಲ್ಲದೆ ಬರೆದಿರಲ್ಲ, ಅದಕ್ಕೇ ನಿಮ್ಮ ಪತ್ರವನ್ನು ಮೊದಲು ಎತ್ತಿಕೊಂಡೆ. ಪುಣ್ಯದ ಲೆಕ್ಕ ಇಡುವವರಿಗೆ ಸಾಮಾನ್ಯವಾಗಿ ಸುಸ್ತಾಗುವುದಿಲ್ಲ. ಮಗುವಿನ ತಲೆ ಸವರಿ, ಒಂದು ಮೂಲೆಯಲ್ಲಿ ಕೂರಿಸಿ, ವರ್ಷದ ಕೊನೆಗೆ ಪಾಸು ಮಾಡಿ ಮುಂದಕ್ಕೆ ಸಾಗಿಸುತ್ತಾರೆ. ನಿಮಗೆ ಆಯಾಸವಾಗುತ್ತಿದ್ದರೆ ಅಲ್ಲಿ ಪಾಠ ನಡೆಯುತ್ತಿದೆ.

ಇನ್ನು ಸಿಗುವುದೇನು ಎಂಬ ಮಾತು. ನಿಮ್ಮ ಪಾಠ ಮೊದಲ ಬಾರಿಗೆ ನಿಮ್ಮ ಕಿವಿಗೇ ಕೇಳಿಸತೊಡಗುತ್ತದೆ. ಗಣಿತದ ಶಿಕ್ಷಕರಾದ ನಾವು ಬೋರ್ಡಿಗೆ ಮುಖ, ಮಕ್ಕಳಿಗೆ ಬೆನ್ನು ಮಾಡಿ ಮಾತನಾಡುವ ಜನ. ‘ಇದನ್ನು ಇತ್ತ ತಂದರೆ ಇದು ಹೊಡೆದುಹೋಗುತ್ತದೆ, ಉಳಿಯುವುದು ಇಷ್ಟೇ’ ಎಂದು ಬೆರಳು ತೋರಿಸುತ್ತಲೇ ಒಂದಿಡೀ ಸಮೀಕರಣವನ್ನು ಬಿಡಿಸಿ, ಕೈಯ ಸೀಮೆಸುಣ್ಣದ ಪುಡಿ ಕೊಡವಿಕೊಳ್ಳಬಲ್ಲೆವು. ತರಗತಿಗೆ ತರಗತಿಯೇ ತಲೆಯಾಡಿಸುತ್ತದೆ. ನನ್ನ ತರಗತಿಗೆ ಬಂದ ಕಣ್ಣು ಕಾಣದ ಹುಡುಗನೊಬ್ಬ ಮಾತ್ರ ಕೈಯೆತ್ತಿ, ‘ಇದು ಎಂದರೆ ಯಾವುದು, ಸರ್?’ ಎಂದು ಕೇಳಿದ. ದನಿಯಲ್ಲಿ ದೂರು ಇರಲಿಲ್ಲ. ಯಾವುದೆಂದು ಅವನಿಗೆ ತಿಳಿಯಬೇಕಿತ್ತು, ಅಷ್ಟೇ. ‘ಎರಡೂ ಬದಿಯಿಂದ ಮೂರು ಎಕ್ಸ್ ಕಳೆಯುತ್ತಿದ್ದೇನೆ, ಬಲಬದಿಯಲ್ಲಿ ಏಳು ಮಾತ್ರ ಉಳಿಯುತ್ತದೆ’ ಎಂದೆ. ಎರಡು ಕಣ್ಣೂ ಚೆನ್ನಾಗಿರುವ ಇನ್ನೊಬ್ಬ ಕೊನೆಯ ಬೆಂಚಿನಿಂದ ‘ಓ, ಅದೋ!’ ಎಂದ. ಅಲ್ಲಿಯವರೆಗೆ ತಲೆಯಾಡಿಸುತ್ತಿದ್ದವರಲ್ಲಿ ಅವನೂ ಒಬ್ಬ.

ಈ ಬಗೆಯ ತೊಡಕು ನಿಮಗೆ ನಾಳೆಯೇ ಎದುರಾಗಬಹುದು. ‘ಎಕ್ಸ್ ಪ್ಲಸ್ ಒಂದು ಬೈ ಎರಡು’ ಎಂದು ಗಟ್ಟಿಯಾಗಿ ಹೇಳಿ ನೋಡಿ. ಎಕ್ಸ್‌ಗೆ ಒಂದು ಕೂಡಿಸಿ ಬಂದದ್ದನ್ನು ಎರಡರಿಂದ ಭಾಗಿಸಬೇಕೋ, ಎಕ್ಸ್‌ಗೆ ಅರ್ಧ ಕೂಡಿಸಬೇಕೋ? ಎಕ್ಸ್‌ನ ಬೆಲೆ 3 ಆದರೆ ಮೊದಲನೆಯದಕ್ಕೆ ಉತ್ತರ 2, ಎರಡನೆಯದಕ್ಕೆ 3.5. ಬೋರ್ಡಿನ ಮೇಲಿನ ಅಡ್ಡಗೆರೆಯ ಉದ್ದವನ್ನೇ ನಂಬಿಕೊಂಡಿರುವ ಈ ವ್ಯತ್ಯಾಸ ಕಿವಿಗೆ ದಕ್ಕುವುದೇ ಇಲ್ಲ. ‘ಭಿನ್ನರಾಶಿ ಶುರು, ಅಂಶ ಎಕ್ಸ್ ಪ್ಲಸ್ ಒಂದು, ಛೇದ ಎರಡು, ಭಿನ್ನರಾಶಿ ಮುಗಿಯಿತು’ ಎಂದು ಹೇಳುವುದನ್ನು ರೂಢಿಸಿಕೊಳ್ಳಿ. ಬ್ರೈಲ್‌ನಲ್ಲಿ ಗಣಿತ ಬರೆಯುವುದಕ್ಕೆಂದು 1952ರಲ್ಲಿ ಬಂದ ನೆಮೆತ್ ಸಂಕೇತ ಪದ್ಧತಿ ಮಾಡುವುದೂ ಇದನ್ನೇ. ಭಿನ್ನರಾಶಿ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎನ್ನುವುದಕ್ಕೆ ಅದರಲ್ಲಿ ಬೇರೆ ಬೇರೆ ಗುರುತುಗಳಿವೆ. ಅದನ್ನು ರೂಪಿಸಿದ ಅಬ್ರಹಾಂ ನೆಮೆತ್ ಹುಟ್ಟಿನಿಂದಲೇ ದೃಷ್ಟಿ ಇಲ್ಲದವರು. ಗಣಿತ ನಿಮಗೆ ಆಗದು ಎಂದ ಸಲಹೆಗಾರರ ಮಾತಿಗೆ ಕಟ್ಟುಬಿದ್ದು ಮನಶ್ಶಾಸ್ತ್ರ ಓದಿದವರು, ಆಮೇಲೆ ಗಣಿತಕ್ಕೇ ಮರಳಿ ಪ್ರಾಧ್ಯಾಪಕರಾದರು. ನಾನು ಹೀಗೆ ಬಿಡಿಸಿ ಹೇಳತೊಡಗಿದ ಮೇಲೆ ಉಳಿದ ಮಕ್ಕಳ ನೋಟ್‌ಬುಕ್‌ಗಳಲ್ಲೂ ಆವರಣ ಚಿಹ್ನೆ ಬಿಟ್ಟುಹೋಗುವ ಹಳೆಯ ರೋಗ ಇಳಿಯಿತು. ಹೊಗಳಿಕೆ ನನಗೆ ಬಂತು. ಸಲ್ಲಬೇಕಾದದ್ದು ಪ್ರಶ್ನೆ ಕೇಳಿದ ಹುಡುಗನಿಗೆ.

ಇನ್ನೊಂದು ಸುಖ, ಬೆರಳುಗಳು ಯೋಚಿಸುವುದನ್ನು ನೋಡುವುದು. ಒಬ್ಬ ವಿದ್ಯಾರ್ಥಿನಿಗೆ ವರ್ಗ ಸಮೀಕರಣದ ನಕ್ಷೆ ಪರಿಚಯಿಸಬೇಕಿತ್ತು. ಚೌಕುಳಿ ಗೆರೆಗಳು ಉಬ್ಬಿ ನಿಂತ ರಬ್ಬರ್ ಹಾಸಿನ ಮೇಲೆ ಗುಂಡುಸೂಜಿ ಚುಚ್ಚಿ, ಸೂಜಿಯಿಂದ ಸೂಜಿಗೆ ಉಣ್ಣೆಯ ದಾರ ಹಾಯಿಸಿ ಪರವಲಯವೊಂದನ್ನು, ಅಂದರೆ ಬಟ್ಟಲಿನಂತೆ ಬಾಗಿದ ಗೆರೆಯನ್ನು, ಅವಳ ಪಕ್ಕದಲ್ಲಿ ಕೂರುವ ಗೆಳತಿಯೇ ಮಾಡಿಕೊಟ್ಟಿದ್ದಳು. ಈಕೆ ಮೊದಲು ಎರಡೂ ಅಂಗೈಗಳನ್ನು ಹಾಸಿನ ಮೇಲೆ ಹರಡಿ ಚಿತ್ರ ಎಷ್ಟು ದೊಡ್ಡದಿದೆ ಎಂದು ಅಳೆದಳು. ಆಮೇಲೆ ಅಕ್ಷಗಳನ್ನು ಹುಡುಕಿಕೊಂಡಳು. ಕೊನೆಗೆ ಎರಡು ತೋರುಬೆರಳುಗಳನ್ನೂ ಕೆಳತುದಿಯಲ್ಲಿ, ನಾವು ಶೃಂಗ ಎನ್ನುವ ಬಿಂದುವಿನಲ್ಲಿ ಜೋಡಿಸಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ, ಒಟ್ಟೊಟ್ಟಿಗೆ ಮೇಲಕ್ಕೆ ಸರಿಸುತ್ತ ಹೋದಳು. ನಡುವೆ ನಿಂತಳು. ಕೆಳಗಿಳಿದು ಮತ್ತೆ ಹತ್ತಿದಳು. ‘ಎರಡೂ ಕಡೆ ಒಂದೇ ರೀತಿ ಏರಬೇಕಲ್ಲವೇ ಸರ್? ಎಡಗಡೆಯ ಒಂದು ಸೂಜಿ ತಪ್ಪಿದೆ’ ಎಂದಳು.

ಸಮಮಿತಿಯ ವಿಷಯವನ್ನು ನಾನು ಆ ತರಗತಿಯಲ್ಲಿ ಇನ್ನೂ ಎತ್ತಿರಲಿಲ್ಲ. ಗೆಳತಿ ಲೆಕ್ಕ ಹಾಕಿ ನೋಡಿದಳು. ಎಕ್ಸ್‌ನ ಬೆಲೆ ಮೈನಸ್ ಎರಡು ಇರುವಲ್ಲಿ 4ರ ಎತ್ತರಕ್ಕೆ ನಿಲ್ಲಬೇಕಾದ ಸೂಜಿ 5ರಲ್ಲಿ ಕೂತಿತ್ತು. ‘ಎಣಿಸುವಾಗ ಮಾತನಾಡಿಸಿದ್ದು ನೀನೇ’ ಎಂದು ಅವಳು ಇವಳ ಮೇಲೆ ಹಾಕಿದಳು. ಇಬ್ಬರೂ ಜಗಳವಾಡುತ್ತಲೇ ಸೂಜಿಯನ್ನು ಕಿತ್ತು ಸರಿಯಾದ ಜಾಗಕ್ಕೆ ಚುಚ್ಚಿದರು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ. ಮಾಡಲು ನನಗೇನೂ ಕೆಲಸವಿರಲಿಲ್ಲ. ಸಂಬಳದ ಮೇಲೆ ಸಿಗುವ ಭತ್ಯೆ ಎಂದರೆ ನನ್ನ ಮಟ್ಟಿಗೆ ಇಂಥ ಹೊತ್ತು.

ಈ ಮಕ್ಕಳು ಕೇಳುವ ಪ್ರಶ್ನೆಗಳ ಬಗೆಯೂ ಬೇರೆ. ಮೋಡ ದೂರ, ಬೆಟ್ಟ ದೊಡ್ಡದು, ಇರುವೆ ತೀರಾ ಸಣ್ಣದು, ಬೆಂಕಿ ಸುಡುತ್ತದೆ, ನೀರಗುಳ್ಳೆ ಮುಟ್ಟಿದರೆ ಒಡೆಯುತ್ತದೆ. ಕೈಗೆ ಸಿಗದ ಇವೆಲ್ಲ ಅವರಿಗೆ ಬರೀ ಮಾತಾಗಿ ಬಂದಿರುತ್ತವೆ. ‘ಆಗಸದಲ್ಲಿ ಬಿಳಿಯ ಮೋಡಗಳು ತೇಲುತ್ತಿದ್ದವು’ ಎಂದು ಪ್ರಬಂಧದಲ್ಲಿ ಸೊಗಸಾಗಿ ಬರೆದ ಮಾತ್ರಕ್ಕೆ ಮೋಡ ಗೊತ್ತಿದೆ ಎಂದುಕೊಂಡು ಮುಂದೆ ಹೋಗಬೇಡಿ, ಕೆದಕಿ ಕೇಳಿ. ಹಾಗೆ ಕೆದಕುವಾಗ ಅವರೂ ತಿರುಗಿ ಕೇಳುತ್ತಾರೆ. ‘ಹಕ್ಕಿ ಹಾರುವಾಗ ಕಾಲುಗಳನ್ನು ಎಲ್ಲಿ ಇಟ್ಟುಕೊಳ್ಳುತ್ತದೆ?’ ಎಂದು ಒಬ್ಬ ಹುಡುಗ ಕೇಳಿದಾಗ, ದಿನ ಬೆಳಗಾದರೆ ಹಕ್ಕಿಗಳನ್ನು ಕಾಣುವ ತರಗತಿ ಮುಖ ಮುಖ ನೋಡಿಕೊಂಡಿತು. ಕೆಲವು ದಿನ ಎಲ್ಲರೂ ಕತ್ತೆತ್ತಿಕೊಂಡೇ ಓಡಾಡಿ ವರದಿ ತಂದರು: ಕೊಕ್ಕರೆ ಕಾಲುಗಳನ್ನು ಹಿಂದಕ್ಕೆ ಚಾಚಿಕೊಂಡು ಹೋಗುತ್ತದೆ, ಸಣ್ಣ ಹಕ್ಕಿಗಳು ಹೊಟ್ಟೆಯ ಪುಕ್ಕದೊಳಕ್ಕೆ ಮಡಚಿಕೊಳ್ಳುತ್ತವೆ. ಪಠ್ಯಪುಸ್ತಕದಲ್ಲಿ ಇಲ್ಲದ ಪಾಠ.

ಇಂಥದ್ದೊಂದು ಕುತೂಹಲಕ್ಕೆ ಕೈಗೆ ಹಿಡಿಸುವ ವಸ್ತು ಸಿಕ್ಕಿದರೆ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದಕ್ಕೆ ಗೀರಟ್ ವರ್ಮೇ ಎಂಬ ಜೀವವಿಜ್ಞಾನಿ ಇದ್ದಾರೆ. ಮೂರನೆಯ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರು. ನಾಲ್ಕನೇ ತರಗತಿಯ ಶಿಕ್ಷಕಿ ಕಡಲತೀರದಿಂದ ತಂದು ತರಗತಿಯ ಕಿಟಕಿಯಲ್ಲಿ ಇಟ್ಟಿದ್ದ ಚಿಪ್ಪುಗಳನ್ನು ಮುಟ್ಟಿ ನೋಡಿದ್ದರಿಂದ ಅವರ ದಾರಿ ನಿಶ್ಚಯವಾಯಿತು. ಚಿಪ್ಪಿನ ಮೇಲಿನ ಮುಳ್ಳು, ಬಾಯಿಯ ದಪ್ಪ, ಒಡೆದು ಮತ್ತೆ ಕೂಡಿಕೊಂಡ ಗಾಯದ ಗುರುತು, ಎಲ್ಲವನ್ನೂ ಬೆರಳಿನಿಂದ ಓದಿದರು. ಏಡಿಯಂಥ ಬೇಟೆಗಾರರ ಹೊಡೆತಕ್ಕೆ ಉತ್ತರವಾಗಿ ಈ ಚಿಪ್ಪುಗಳು ಕೋಟ್ಯಂತರ ವರ್ಷಗಳಲ್ಲಿ ಹೇಗೆ ಗಟ್ಟಿಯಾಗುತ್ತ ಬಂದವು ಎಂದು ತೋರಿಸಿದರು. ಆ ಶಿಕ್ಷಕಿ ಚಿಪ್ಪುಗಳನ್ನು ಗಾಜಿನ ಕಪಾಟಿನೊಳಗಿಟ್ಟು ಬೀಗ ಹಾಕಿರಲಿಲ್ಲ ಎಂಬುದನ್ನು ಗಮನಿಸಿ. ನಮ್ಮ ಪ್ರಯೋಗಾಲಯಗಳ ಕಪಾಟುಗಳನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಬೇರೆಯವರು ಹೇಳಲು ಹಿಂಜರಿಯುವ ಒಂದು ಸಂತೋಷವಿದೆ, ಅದನ್ನೂ ಹೇಳಿಬಿಡುತ್ತೇನೆ. ‘ಬ್ರೈಲ್ ಚುಚ್ಚುವ ಸ್ಟೈಲಸ್ ಕಳೆದುಹೋಗಿತ್ತು ಮೇಡಂ, ಅದಕ್ಕೇ ಹೋಂವರ್ಕ್ ಆಗಲಿಲ್ಲ’ ಎಂದು ನಿಮ್ಮ ಹುಡುಗಿ ಒಂದು ದಿನ ಶುದ್ಧ ಸುಳ್ಳು ಹೇಳುತ್ತಾಳೆ. ಎಲ್ಲರ ಉಪಕಾರಕ್ಕೂ ಸದಾ ತಲೆಬಾಗಿ, ಸದಾ ಒಳ್ಳೆಯವಳಾಗಿಯೇ ಇರಬೇಕೆಂಬ ಹೊರೆಯನ್ನು ಈ ಮಕ್ಕಳ ಮೇಲೆ ನಾವು ಹೇರಿರುತ್ತೇವೆ. ಉಳಿದವರಂತೆ ಸೋಮಾರಿಯಾಗುವ ಧೈರ್ಯ ಬಂದಿದ್ದರೆ ಆ ಹೊರೆ ಸ್ವಲ್ಪ ಇಳಿದಿದೆ. ಒಳಗೊಳಗೇ ಖುಷಿಪಡಿ, ಹೊರಗೆ ಶಿಕ್ಷೆ ಕೊಡಿ; ಉಳಿದವರಿಗೆ ಕೊಡುವಷ್ಟೇ. ಅಂಕದ ವಿಷಯದಲ್ಲೂ ಅಷ್ಟೆ. ನಾನು ಕಲಿಸಿದ ಹುಡುಗಿಯೊಬ್ಬಳು ಬೇರೆ ವಿಷಯದ ಉತ್ತರಪತ್ರಿಕೆ ಹಿಡಿದು ಶಿಕ್ಷಕರ ಕೊಠಡಿಗೇ ಬಂದು, ‘ಕೊನೆಯ ಪ್ರಶ್ನೆಗೆ ಅರ್ಧ ಉತ್ತರ ಬರೆದಿದ್ದೇನೆ. ಪೂರ್ತಿ ಅಂಕ ಹೇಗೆ ಬಂತು?’ ಎಂದು ಕೇಳಿದ್ದಳು. ಅಂಕ ಕಡಿಮೆಯಾಯಿತೆಂದು ಬರುವವರನ್ನು ಬಲ್ಲ ಕೊಠಡಿ ತಬ್ಬಿಬ್ಬಾಯಿತು. ಅಂಕ ಇಳಿಸಿದ ಮೇಲೆಯೇ ಅವಳು ಹೊರಟದ್ದು.

ನಿಮ್ಮ ಸಿದ್ಧತೆಯ ಹೊತ್ತನ್ನು ಕಡಿಮೆ ಮಾಡುವ ಒಂದೆರಡು ಮಾತು. ದಾರ, ಅಂಟು, ಉಬ್ಬುಗೆರೆಯ ಚಿತ್ರಗಳನ್ನೆಲ್ಲ ಪಾಠದ ಹೆಸರು ಬರೆದು ಜೋಪಾನ ಮಾಡಿ. ಮುಂದಿನ ವರ್ಷವೂ ಬೇಕಾಗುತ್ತವೆ, ಕಾಣುವ ಮಕ್ಕಳಿಗೂ ಆಗುತ್ತವೆ. ಪ್ರಶ್ನೆಗಳನ್ನು ಟೈಪ್ ಮಾಡಿ ಕಳಿಸಿ. ಕೈಬರಹದ ಹಾಳೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿದರೆ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶದಿಂದ ಏನೂ ಗಿಟ್ಟುವುದಿಲ್ಲ. ಬ್ರೈಲ್ ಪುಸ್ತಕವೊಂದು ಮುದ್ರಿತ ಪುಸ್ತಕಕ್ಕಿಂತ ಬಹಳ ದಪ್ಪವಾಗಿ ಹಲವು ಸಂಪುಟಗಳಾಗುತ್ತದೆ, ತಯಾರಾಗಲು ಸಮಯವೂ ಹಿಡಿಯುತ್ತದೆ. ಮುಂದಿನ ಅಧ್ಯಾಯಕ್ಕೆ ಈಗಲೇ ಬೇಡಿಕೆ ಇಡಿ.

ನೀವೂ ಬ್ರೈಲ್ ಕಲಿಯಿರಿ. ಬೆರಳಿನಿಂದ ಓದಲು ವರ್ಷಗಳ ಅಭ್ಯಾಸ ಬೇಕು, ಆದರೆ ಕಣ್ಣಿನಿಂದ ಓದಲು ಕಲಿಯುವುದು ಬೇಗ ಆಗುತ್ತದೆ. ಆರು ಚುಕ್ಕೆ, ಅವುಗಳಿಂದ 63 ಜೋಡಣೆ. ಸಾಮಾನ್ಯ ಬ್ರೈಲ್‌ನಲ್ಲಿ ಅಂಕಿಗಳಿಗೆ ಬೇರೆ ಗುರುತು ಕೂಡ ಇಲ್ಲ. ಮುಂದೆ ಅಂಕಿಸೂಚಕ ಹಾಕಿದರೆ ಇಂಗ್ಲಿಷಿನ ಮೊದಲ ಹತ್ತು ಅಕ್ಷರಗಳೇ ಅಂಕಿಗಳಾಗುತ್ತವೆ. ಕನ್ನಡ ಬ್ರೈಲ್‌ನಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ, ಎಲ್ಲವೂ ಒಂದೇ ಸಾಲು. ಒತ್ತು ಬರಲಿದೆ ಎಂದು ಎಚ್ಚರಿಸಲು ವ್ಯಂಜನದ ಮೊದಲೇ ನಾಲ್ಕನೆಯ ಚುಕ್ಕೆಯೊಂದು ಬಂದು ನಿಲ್ಲುತ್ತದೆ. ಇನ್ನು ಬ್ರೈಲ್ ಸ್ಲೇಟಿನಲ್ಲಿ, ಅಂದರೆ ಕಾಗದ ಸಿಕ್ಕಿಸಿ ಸ್ಟೈಲಸ್‌ನಿಂದ ಚುಕ್ಕೆ ಚುಚ್ಚುವ ಚೌಕಟ್ಟಿನಲ್ಲಿ, ಬರೆಯುವ ಸೊಗಸು ನೋಡಬೇಕು. ಕಾಗದದ ಹಿಂಬದಿಯಿಂದ ಚುಚ್ಚುವುದರಿಂದ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡ ಹಾಗೆ ಬರೆಯಬೇಕು. ಹಾಳೆ ಮಗುಚಿದ ಮೇಲೆ ಎಡದಿಂದ ಬಲಕ್ಕೆ ಓದಬೇಕು. ಬರೆದದ್ದನ್ನು ಬರೆಯುತ್ತಲೇ ಓದುವಂತಿಲ್ಲ. ಒಂದು ಪುಟ ನೀವೇ ಚುಚ್ಚಿ ನೋಡಿ, ಆಮೇಲೆ ಅವಳಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಏಕೆ ಎಂದು ಯಾರಾದರೂ ಕೇಳಿದರೆ ಉತ್ತರ ನಿಮ್ಮ ಮಣಿಕಟ್ಟಿನಲ್ಲೇ ಇರುತ್ತದೆ.

ಪ್ರಶ್ನೆ: ನನ್ನ ಮಗನಿಗೆ ಮಂದದೃಷ್ಟಿ. ದಪ್ಪಕ್ಷರವನ್ನು ಕಣ್ಣಿಗೆ ಹತ್ತಿರ ಹಿಡಿದು ಓದುತ್ತಾನೆ. ಶಿಕ್ಷಕಿ ಬ್ರೈಲ್ ಕೂಡ ಕಲಿಸೋಣ ಎನ್ನುತ್ತಿದ್ದಾರೆ. ಬ್ರೈಲ್ ಹಿಡಿದರೆ ಇರುವ ದೃಷ್ಟಿಯೂ ಹೋಗುವುದಿಲ್ಲವೇ? ಓದುವಾಗ ತಲೆಯನ್ನು ಒಂದು ಪಕ್ಕಕ್ಕೆ ಓರೆ ಮಾಡುತ್ತಾನೆ. ಎಷ್ಟು ಗದರಿದರೂ ಈ ಅಭ್ಯಾಸ ಬಿಡುತ್ತಿಲ್ಲ.

ಉತ್ತರ: ಮೊದಲು ಗದರುವುದನ್ನು ನಿಲ್ಲಿಸಿ. ಕೆಲವರ ಕಣ್ಣಿನ ನಡುಭಾಗ ಸರಿಯಾಗಿ ಕೆಲಸ ಮಾಡುವುದಿಲ್ಲ, ಅಂಚಿನ ಭಾಗ ಕೆಲಸ ಮಾಡುತ್ತದೆ. ಅವರು ಪಕ್ಕಕ್ಕೆ ತಿರುಗಿದರೇ ಎದುರಿನದು ಕಾಣುವುದು. ಇನ್ನು ಕೆಲವರ ಕಣ್ಣುಗುಡ್ಡೆ ಎಡೆಬಿಡದೆ ಅಲುಗುತ್ತಿರುತ್ತದೆ. ತಲೆಯನ್ನು ಒಂದು ನಿರ್ದಿಷ್ಟ ಕೋನದಲ್ಲಿ ಇಟ್ಟಾಗ ಆ ಅಲುಗಾಟ ತೀರಾ ಕಡಿಮೆಯಾಗುತ್ತದೆ. ನಿಮ್ಮ ಮಗ ತನಗೆ ಚೆನ್ನಾಗಿ ಕಾಣುವ ಕೋನವನ್ನು ತಾನೇ ಕಂಡುಹಿಡಿದುಕೊಂಡಿರುವ ಸಾಧ್ಯತೆ ಹೆಚ್ಚು. ಕಣ್ಣಿನ ವೈದ್ಯರನ್ನು ಒಮ್ಮೆ ಕೇಳಿ. ತರಗತಿಯಲ್ಲಿ ಅವನ ಜಾಗವನ್ನು ಆ ಕೋನಕ್ಕೆ ಹೊಂದಿಸಿಕೊಡಲು ಶಿಕ್ಷಕಿಗೆ ಹೇಳಿ. ಕಿಟಕಿಗೆ ಬೆನ್ನು ಮಾಡಿ ನಿಂತು ಪಾಠ ಮಾಡಬಾರದೆಂದೂ ಹೇಳಿ. ಬೆಳಕಿಗೆ ಅಡ್ಡ ನಿಂತವರು ಅವನಿಗೆ ಬರೀ ಕಪ್ಪು ಆಕಾರ.

ಬ್ರೈಲ್ ಕಲಿತರೆ ದೃಷ್ಟಿ ಹೋಗುವುದಿಲ್ಲ, ನೋಡುವುದರಿಂದ ಕಣ್ಣು ಸವೆಯುವುದೂ ಇಲ್ಲ. ನೀವು ಗಮನಿಸಬೇಕಾದದ್ದು ಬೇರೆ. ಓದಲು ಕೂತ ಸ್ವಲ್ಪ ಹೊತ್ತಿಗೇ ಕಣ್ಣು ಉಜ್ಜುತ್ತಾನೆಯೇ? ತಲೆನೋವು ಎನ್ನುತ್ತಾನೆಯೇ? ಒಂದೊಂದೇ ಅಕ್ಷರ ಹೆಕ್ಕುವುದರಲ್ಲಿ ವಾಕ್ಯದ ಅರ್ಥವೇ ಜಾರಿಹೋಗುತ್ತದೆಯೇ? ಹಾಗಿದ್ದರೆ ಎರಡೂ ಇರಲಿ: ಚಿತ್ರ, ನಕ್ಷೆಗಳಿಗೆ ಕಣ್ಣು; ಉದ್ದದ ಓದಿಗೆ ಬೆರಳು. ಅಕ್ಷಿಪಟಲ ಕ್ರಮೇಣ ಕ್ಷೀಣಿಸುವ ಕಾಯಿಲೆಯಾಗಿದ್ದರಂತೂ ಬೆರಳು ಚುರುಕಾಗಿರುವ ಈ ವಯಸ್ಸನ್ನು ಬಿಟ್ಟುಕೊಡಬೇಡಿ. ಕತ್ತಲಲ್ಲಿ ಹಾಸಿಗೆಯೊಳಗೆ ಮುಸುಕು ಹಾಕಿಕೊಂಡು ಕತೆ ಓದಬಹುದು ಎಂದು ಗೊತ್ತಾದ ಮೇಲೆ ಅವನನ್ನು ಮಲಗಿಸುವುದೇ ನಿಮಗೆ ಕಷ್ಟವಾದೀತು. ಆಗ ಇನ್ನೊಂದು ಪತ್ರ ಬರೆಯಿರಿ.

ಪ್ರಶ್ನೆ: ಅಂಧ ಮಕ್ಕಳಿಗೆ ಆರನೆಯ ಇಂದ್ರಿಯ ಇರುತ್ತದೆಯಂತೆ. ನಿಜವೇ?

ಉತ್ತರ: ಇಲ್ಲ. ನೀವು ಗಮನ ಕೊಡದ ಸದ್ದಿಗೆ ಅವರು ಗಮನ ಕೊಡುತ್ತಾರೆ. ಆದರೆ ಮಿದುಳು ಜಾಗವನ್ನು ಖಾಲಿ ಬಿಡುವುದಿಲ್ಲ ಎಂಬುದು ನಿಜ. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು ಬ್ರೈಲ್ ಓದುವಾಗ ಮಿದುಳಿನಲ್ಲಿ ದೃಷ್ಟಿಗೆ ಮೀಸಲಾದ ಭಾಗವೇ ಕೆಲಸಕ್ಕಿಳಿಯುತ್ತದೆ ಎಂದು 1996ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಸ್ಕ್ರೀನ್ ರೀಡರ್ ಅನ್ನು ನಮಗೆ ಒಂದಕ್ಷರವೂ ತಿಳಿಯದ ವೇಗದಲ್ಲಿ ಓಡಿಸಿ ಕೇಳುವವರನ್ನು ಕಂಡಿದ್ದೇನೆ. ಅದು ಅಭ್ಯಾಸದ ಫಲ. ಪವಾಡ ಎಂದುಬಿಟ್ಟರೆ ಆ ಮಗು ಪಟ್ಟ ಶ್ರಮ ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ: ನನ್ನ ಮಗಳ ತರಗತಿಯಲ್ಲಿ ಕಣ್ಣು ಕಾಣದ ಹುಡುಗನಿದ್ದಾನೆ. ತಪ್ಪು ತಿಳಿಯಬೇಡಿ, ಅವನಿಗಾಗಿ ಶಿಕ್ಷಕರು ಎಲ್ಲವನ್ನೂ ಬಾಯಲ್ಲಿ ಹೇಳುತ್ತ ಕೂತರೆ ಉಳಿದವರ ಪಾಠ ಹಿಂದೆ ಬೀಳುವುದಿಲ್ಲವೇ?

ಉತ್ತರ: ತಪ್ಪು ತಿಳಿಯುವುದಿಲ್ಲ. ಮೊದಲ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಓದಿ, ಆಮೇಲೆ ನಿಮ್ಮ ಮಗಳ ನೋಟ್‌ಬುಕ್ ತೆರೆದು ನೋಡಿ.

ಪ್ರಶ್ನೆ: ನಾನು ನಿವೃತ್ತ. ಪರಿಚಯದ ಕಾಲೇಜು ಹುಡುಗನೊಬ್ಬನಿಗೆ ದೃಷ್ಟಿ ಇಲ್ಲ. ಅವನಿಗೆ ಪುಸ್ತಕಗಳನ್ನು ಓದಿಹೇಳುವ ಆಸೆ. ಅವನು ಓದುತ್ತಿರುವುದು ಉನ್ನತ ಗಣಿತ, ನನಗೆ ಅದರ ಗಂಧಗಾಳಿ ಇಲ್ಲ. ನನ್ನಿಂದ ಉಪಯೋಗವಾದೀತೇ?

ಉತ್ತರ: ಖಂಡಿತ ಆದೀತು, ಪುರಾವೆಯೂ ಇದೆ. ರಷ್ಯಾದ ಲೆವ್ ಪಾಂಟ್ರ್ಯಾಗಿನ್ ಹದಿನಾಲ್ಕನೆಯ ವಯಸ್ಸಿನಲ್ಲಿ ಒಲೆ ಸಿಡಿದು ದೃಷ್ಟಿ ಕಳೆದುಕೊಂಡರು. ಮುಂದೆ 20ನೆಯ ಶತಮಾನದ ದೊಡ್ಡ ಗಣಿತಜ್ಞರಲ್ಲಿ ಒಬ್ಬರಾದರು. ಅವರಿಗೆ ಗಣಿತದ ಪುಸ್ತಕಗಳನ್ನು ಓದಿಹೇಳಿದವರು ತಾಯಿ ತತ್ಯಾನಾ. ಆಕೆಗೆ ಗಣಿತ ಬರುತ್ತಿರಲಿಲ್ಲ, ಚಿಹ್ನೆಗಳ ಹೆಸರೂ ಗೊತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದರಂತೆ: ಗಣಗಳ ಛೇದನದ ಚಿಹ್ನೆಗೆ (∩) ‘ಬಾಲ ಕೆಳಗೆ’, ಸಂಯೋಗದ ಚಿಹ್ನೆಗೆ (∪) ‘ಬಾಲ ಮೇಲೆ’. ಮಗನಿಗೆ ಅಷ್ಟು ಸಾಕಾಗಿತ್ತು.

ನೀವೂ ಹಾಗೆಯೇ ಶುರು ಮಾಡಿ. ಮೊದಲ ದಿನ ಇಬ್ಬರೂ ಕೂತು ಚಿಹ್ನೆಗಳಿಗೆ ನಿಮ್ಮದೇ ಹೆಸರಿಡಿ. ಪುಟಸಂಖ್ಯೆ, ಶೀರ್ಷಿಕೆ, ಅಡಿಟಿಪ್ಪಣಿ, ಎಲ್ಲಿ ಹೊಸ ಪ್ಯಾರಾ ಶುರುವಾಯಿತು, ಎಲ್ಲವನ್ನೂ ಹೇಳಿ. ‘ಇಲ್ಲೇನೋ ಚಿತ್ರವಿದೆ, ಬಿಡು’ ಎನ್ನಬೇಡಿ. ದನಿಯಲ್ಲಿ ನಾಟಕ ಬೇಡ. ತಡೆದು ಕೇಳುವ, ಹಿಂದಿನ ಸಾಲಿಗೆ ಮರಳುವ ಅಧಿಕಾರ ಅವನದು. ಅವನು ‘ಮುಂದೆ’ ಎಂದಾಗ ಮುಂದೆ. ತಿಳಿಯದ್ದನ್ನು ಓದುವಾಗ ಅರ್ಥದ ಜವಾಬ್ದಾರಿ ನಿಮ್ಮ ಮೇಲಿರುವುದಿಲ್ಲವಾದ್ದರಿಂದ ಒಂದು ಬಗೆಯ ಹಗುರ ಇರುತ್ತದೆ, ನೀವೇ ಅನುಭವಿಸಿ ನೋಡಿ. ಪರೀಕ್ಷೆಯಲ್ಲಿ ಅವನ ಪರವಾಗಿ ಬರೆಯುವ ಸಂದರ್ಭ ಬಂದರೆ ಮಾತ್ರ ಕಟ್ಟುನಿಟ್ಟಾಗಿರಿ. ಅವನು ಹೇಳಿದ್ದು ತಪ್ಪೆಂದು ನಿಮಗೆ ಅನ್ನಿಸಿದರೂ ಅವನು ಹೇಳಿದ್ದನ್ನೇ ಬರೆಯಬೇಕು.

ಪ್ರಶ್ನೆ: ನಾನು ದೃಷ್ಟಿ ಇಲ್ಲದ ಯುವತಿ, ಶಿಕ್ಷಕ ತರಬೇತಿಯ ಕೊನೆಯ ಹಂತದಲ್ಲಿದ್ದೇನೆ. ವಿಜ್ಞಾನ ಕಲಿಸುವ ಆಸೆ. ಕಣ್ಣಿಲ್ಲದವರ ತರಗತಿಯಲ್ಲಿ ಮಕ್ಕಳು ಗಲಾಟೆ ಮಾಡುತ್ತಾರೆ, ಬೆಳಕಿನ ಪಾಠ ಹೇಗೆ ಮಾಡುತ್ತೀಯಾ ಎಂದು ಮನೆಯವರೇ ಕೇಳುತ್ತಿದ್ದಾರೆ. ಏನು ಹೇಳಲಿ?

ಉತ್ತರ: ನಿಕೋಲಸ್ ಸಾಂಡರ್ಸನ್ ಹೆಸರು ಹೇಳಿ. ಮಗುವಾಗಿದ್ದಾಗಲೇ ಸಿಡುಬಿನಿಂದ ಕಣ್ಣು ಕಳೆದುಕೊಂಡ ಇವರು 1711ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಗಣಿತದ ಲ್ಯೂಕೇಷಿಯನ್ ಪ್ರಾಧ್ಯಾಪಕರಾದರು. ಹಿಂದೆ ನ್ಯೂಟನ್ ಕೂತಿದ್ದ ಪೀಠವದು. ಬೆಳಕಿನ ಬಗ್ಗೆ, ಮಸೂರಗಳ ಬಗ್ಗೆ ಅವರು ಮಾಡುತ್ತಿದ್ದ ಉಪನ್ಯಾಸಗಳಿಗೆ ವಿದ್ಯಾರ್ಥಿಗಳು ಮುಗಿಬೀಳುತ್ತಿದ್ದರು. ಲೆಕ್ಕ ಮಾಡಲು ತೂತುಗಳಿರುವ ಹಲಗೆ ಮತ್ತು ಎರಡು ಗಾತ್ರದ ತಲೆಯ ಸೂಜಿಗಳನ್ನು ಬಳಸುವ ವಿಧಾನವನ್ನು ತಾವೇ ರೂಪಿಸಿಕೊಂಡಿದ್ದರು. ಬೆಳಕು ಮಸೂರದಲ್ಲಿ ಬಾಗುವುದು ರೇಖೆ, ಕೋನ, ಅನುಪಾತಗಳ ಲೆಕ್ಕದಿಂದ. ಅದನ್ನು ತಿಳಿಸಲು ಕಣ್ಣೇ ಬೇಕೆಂದಿಲ್ಲ.

ಗಲಾಟೆಯ ವಿಷಯ ಬೇರೆ, ಅದು ಎಲ್ಲರ ತರಗತಿಯಲ್ಲೂ ಇದ್ದದ್ದೇ. ಕೂರುವ ಜಾಗಗಳನ್ನು ನಿಗದಿ ಮಾಡಿ ಬಾಯಿಪಾಠ ಮಾಡಿಕೊಳ್ಳಿ. ಒಂದೇ ಕಡೆ ನಿಲ್ಲದೆ ಬೆಂಚುಗಳ ನಡುವೆ ಓಡಾಡುತ್ತ ಪಾಠ ಮಾಡಿ. ಪಿಸುಮಾತು ಯಾವ ಸಾಲಿನದೆಂದು ಆಗ ಗೊತ್ತಾಗುತ್ತದೆ. ಬೋರ್ಡಿನ ಮೇಲೆ ಬರೆಯುವ ಕೆಲಸವನ್ನು ಮಕ್ಕಳಿಗೆ ಸರದಿಯಲ್ಲಿ ವಹಿಸಿ. ಬರೆದದ್ದನ್ನು ಇನ್ನೊಬ್ಬರಿಂದ ಓದಿಸಿ ತಾಳೆ ನೋಡಿ. ಪ್ರಯೋಗ ಮಾಡುವಾಗ ‘ಏನು ಕಾಣುತ್ತಿದೆ, ಹೇಳಿ’ ಎಂದು ನೀವು ಕೇಳಿದರೆ ಅವರಿಗೆ ಅದು ನಿಜವಾದ ಪ್ರಶ್ನೆಯಾಗಿರುತ್ತದೆ. ನಮ್ಮಂಥವರು ಉತ್ತರವನ್ನು ಕಣ್ಣೆದುರೇ ಇಟ್ಟುಕೊಂಡು ಕೇಳುವ ಪ್ರಶ್ನೆಗೆ ಆ ಗತ್ತು ಬರುವುದಿಲ್ಲ. ಹಾಜರಿಯನ್ನು ಬೇರೆಯವರ ಕೈಗೆ ಕೊಡಬೇಡಿ, ನೀವೇ ಕೂಗಿ. ಮೊದಲ ವಾರದಲ್ಲಿ ಯಾರಾದರೊಬ್ಬ ಗೆಳೆಯನ ಹೆಸರಿಗೆ ದನಿ ಬದಲಿಸಿ ‘ಎಸ್ ಮೇಡಂ’ ಎನ್ನುತ್ತಾನೆ. ಅವನ ಸ್ವಂತ ಹೆಸರು ಹಿಡಿದು ಕರೆದು, ಆ ವಾರದ ಬೋರ್ಡಿನ ಕೆಲಸವನ್ನು ಅವನಿಗೇ ಒಪ್ಪಿಸಿ.